ಎಲ್ಲವನ್ನೂ 25ರಿಂದ ಭಾಗಿಸಿ: 1968ರ ಡಾಡ್ಜ್ ಚಾರ್ಜರ್ ಮಾಡೆಲ್ ಕಟ್ಟಿದ ವಿವರ

1968ರ ಡಾಡ್ಜ್ ಚಾರ್ಜರ್ 208 ಇಂಚು ಉದ್ದದ ಕಾರು. ಅಂದರೆ ಸುಮಾರು 5.28 ಮೀಟರ್. ಮಂಗಳೂರಿನ ಬಂದರಿನ ಒಳ ರಸ್ತೆಗಳಲ್ಲಿ ಇದನ್ನು ತಿರುಗಿಸುವುದು ಬಿಡಿ, ಎದುರಿನಿಂದ ಒಂದು ರಿಕ್ಷಾ ಬಂದರೂ ಎರಡೂ ಅಲ್ಲೇ ಬಾಕಿ. ಅದೇ ಕಾರನ್ನು 25ರಿಂದ ಭಾಗಿಸಿದರೆ 21 ಸೆಂ.ಮೀ. ಆಗುತ್ತದೆ. ಅಗಲ 8 ಸೆಂ.ಮೀ.ಗೂ ಸ್ವಲ್ಪ ಕಡಿಮೆ. ಪುಸ್ತಕದ ಕಪಾಟಿನಲ್ಲಿ ಆರಾಮವಾಗಿ ನಿಲ್ಲುತ್ತದೆ.

ಬಿಡಿಭಾಗಗಳಾಗಿ ಬರುವ ಪ್ಲಾಸ್ಟಿಕ್ ಮಾಡೆಲ್ ಕಿಟ್ ಮಾಡಿದವರು ಬಾಡಿಯನ್ನು, ಎಂಜಿನ್ನನ್ನು, ಸೀಟನ್ನು ಸರಿಯಾಗಿ 25ರಿಂದ ಭಾಗಿಸಿ ಕೊಟ್ಟಿರುತ್ತಾರೆ. ಆಮೇಲೆ ನಾವು ಅದರ ಮೇಲೆ ಹಚ್ಚುವ ಬಣ್ಣ, ಎಳೆಯುವ ವೈರು, ಕೊಡುವ ಹೊಳಪು, ಇದ್ಯಾವುದನ್ನೂ ಭಾಗಿಸುವುದಿಲ್ಲ. ಮಾಡೆಲ್ ಆಟಿಕೆಯ ಹಾಗೆ ಕಾಣುವುದು ಅಲ್ಲೇ. ಈ ಸಲ ಪ್ರತಿ ಹಂತದಲ್ಲೂ ಕ್ಯಾಲ್ಕುಲೇಟರ್ ಹತ್ತಿರವೇ ಇಟ್ಟುಕೊಂಡು ಕಟ್ಟಿದೆ. ಇದು ಅದರ ವಿವರ.

ಕಿಟ್ ರೆವೆಲ್ ಕಂಪನಿಯ 1/25 ಅಳತೆಯದು, ಆರ್/ಟಿ ಮಾದರಿ, ಅಂದರೆ ಚಾರ್ಜರ್‌ನ ಹೆಚ್ಚು ಶಕ್ತಿಯ ಆವೃತ್ತಿ. ಬಿಳಿ ಪ್ಲಾಸ್ಟಿಕ್ಕಿನ ಬಿಡಿಭಾಗಗಳು, ಗಾಜಿಗೆ ಪಾರದರ್ಶಕ ಭಾಗಗಳು, ಬಂಪರ್ ಇತ್ಯಾದಿಗೆ ಕ್ರೋಮ್ ಹಾಕಿದ ಭಾಗಗಳು, ಕಪ್ಪು ಟಯರ್. 1968ರ ಕಾರೇ ಯಾಕೆ, 1969ರದು ಜಾಸ್ತಿ ಫೇಮಸ್ ಅಲ್ವಾ ಅಂತ ಕೇಳುವವರಿದ್ದಾರೆ. ಎರಡರ ಬಾಡಿಯೂ ಹೆಚ್ಚುಕಡಿಮೆ ಒಂದೇ. ಆದರೆ 1968ರದಕ್ಕೆ ಹಿಂದೆ ಬದಿಗೆ ಎರಡರಂತೆ ನಾಲ್ಕು ದುಂಡಗಿನ ಕೆಂಪು ದೀಪ. ಮುಂದಿನ ಗ್ರಿಲ್ ಒಂದೇ ಕಪ್ಪು ಬಾಯಿ, ನಡುವೆ ಕಂಬ ಇಲ್ಲ. 1969ರಲ್ಲಿ ಗ್ರಿಲ್ಲನ್ನು ಎರಡು ಭಾಗ ಮಾಡಿದರು, ಹಿಂದಿನ ದೀಪ ಉದ್ದ ಪಟ್ಟಿಯಾಯಿತು. ನನಗೆ ದುಂಡು ದೀಪವೇ ಇಷ್ಟ. ಹೆಡ್‌ಲೈಟ್ ಎರಡೂ ವರ್ಷದ ಕಾರಿನಲ್ಲಿ ಗ್ರಿಲ್‌ನ ಬಾಗಿಲ ಹಿಂದೆ ಅಡಗಿರುತ್ತದೆ. ಎಂಜಿನ್ನಿನ ವ್ಯಾಕ್ಯೂಮ್‌ನಿಂದ ಆ ಬಾಗಿಲು ತೆರೆಯುತ್ತಿತ್ತು. ನಾನು ಮುಚ್ಚಿಯೇ ಇಟ್ಟೆ. ಈ ಕಾರಿನ ಮುಖಕ್ಕೆ ಕಣ್ಣು ಕಾಣದೇ ಇರುವುದೇ ಚಂದ.

ಮೊದಲ ಕೆಲಸ ಬಾಡಿ. ಅಚ್ಚಿನ ತುಂಡುಗಳು ಕೂಡುವ ಕಡೆ ಸಣ್ಣ ಗೆರೆ ಬರುತ್ತದೆ. ಯಾವ ಕಂಪನಿಯ ಕಿಟ್ ಆದರೂ ಇದು ಇರುವುದೇ. ಕಾರಿನ ಮಾಡೆಲ್‌ನಲ್ಲಿ ಸಾಮಾನ್ಯವಾಗಿ ಮಡ್‌ಗಾರ್ಡಿನ ಅಂಚಿನಲ್ಲಿ, ಹಿಂದಿನ ಗಾಜಿನ ಬದಿಯ ಕಂಬದಲ್ಲಿ ಓಡುತ್ತದೆ. ಬ್ಲೇಡಿನ ಬೆನ್ನಿನಿಂದ ಕೆರೆದು, 600 ನಂಬರಿನ ವಾಟರ್ ಪೇಪರ್, ಆಮೇಲೆ 1000. ಬೆರಳಿಗೆ ಗೊತ್ತಾಗದಿದ್ದರೂ ಹೊಳೆಯುವ ಬಣ್ಣ ಹಾಕಿದ ಮೇಲೆ ಕಣ್ಣಿಗೆ ಗೊತ್ತಾಗುತ್ತದೆ. ಹಾಗಾಗಿ ಟ್ಯೂಬ್‌ಲೈಟಿನ ಪ್ರತಿಬಿಂಬ ಬಾಗುತ್ತದಾ ಅಂತ ಒದ್ದೆ ಬಾಡಿಯನ್ನು ತಿರುಗಿಸಿ ತಿರುಗಿಸಿ ನೋಡಬೇಕು.

ಆಮೇಲೆ ಬಾಗಿಲಿನ ಗೆರೆ. ಇಲ್ಲಿಂದ ಕ್ಯಾಲ್ಕುಲೇಟರ್ ಶುರು. ಆ ಕಾಲದ ಅಮೆರಿಕದ ಕಾರಿನಲ್ಲಿ ಬಾಗಿಲಿನ ಸಂದು 5 ಮಿ.ಮೀ. ಅಂತ ಇಟ್ಟುಕೊಳ್ಳಿ. 25ರಿಂದ ಭಾಗಿಸಿದರೆ 0.2 ಮಿ.ಮೀ. ಬಣ್ಣದ ಲೆಕ್ಕ ಇನ್ನೂ ಕಷ್ಟ. ಕಾರಿನ ಮೇಲಿನ ಬಣ್ಣದ ಎಲ್ಲ ಪದರ ಸೇರಿ ಸುಮಾರು 100 ಮೈಕ್ರಾನ್ (ಒಂದು ಮಿ.ಮೀ.ಗೆ ಸಾವಿರ ಮೈಕ್ರಾನ್) ಬರುತ್ತದೆ. ಭಾಗಿಸಿದರೆ 4 ಮೈಕ್ರಾನ್. ಅಡಿಯ ಪ್ರೈಮರ್, ಬಣ್ಣ, ಮೇಲಿನ ಪಾರದರ್ಶಕ ಕ್ಲಿಯರ್ ಮೂರೂ ಸೇರಿ 4 ಮೈಕ್ರಾನ್ ಹಾಕುವುದು ನಮ್ಮ ನಿಮ್ಮ ಕೈಯಲ್ಲಿ ಆಗುವ ಕೆಲಸ ಅಲ್ಲ. ಎಷ್ಟು ತೆಳು ಮಾಡಿದರೂ ಅದರ ಹತ್ತು ಪಟ್ಟು ಕೂರುತ್ತದೆ. ಆ ಬಣ್ಣವೆಲ್ಲ ಹೋಗಿ ಬಾಗಿಲಿನ ಸಂದಿಯಲ್ಲಿ ತುಂಬಿಕೊಳ್ಳುತ್ತದೆ, ಗೆರೆ ಮಾಯವಾಗುತ್ತದೆ. ಹಾಗಾಗಿ ಬಣ್ಣಕ್ಕೆ ಮೊದಲೇ ಬಾಗಿಲು, ಡಿಕ್ಕಿ, ಬಾನೆಟ್ಟಿನ ಎಲ್ಲ ಗೆರೆಗಳನ್ನು ಇನ್ನಷ್ಟು ಆಳ ಮಾಡಬೇಕು. ಅಗಲ ಅಲ್ಲ, ಆಳ. ಹೊಸ ಬ್ಲೇಡಿನ ಬೆನ್ನನ್ನು ಗೆರೆಯೊಳಗೆ ಇಟ್ಟು ಭಾರ ಹಾಕದೆ ಎಳೆಯುತ್ತಾ ಹೋಗಬೇಕು. ಪ್ಲಾಸ್ಟಿಕ್ ಎಳೆ ಎಳೆಯಾಗಿ ಸುರುಳಿ ಸುತ್ತಿ ಬಂದರೆ ಸರಿ ದಾರಿಯಲ್ಲಿದ್ದೀರಿ ಅಂತ ಅರ್ಥ.

ಬಣ್ಣದ ಆಯ್ಕೆಯನ್ನೂ ಇದೇ ಲೆಕ್ಕ ತೀರ್ಮಾನ ಮಾಡಿತು. ಮೆಟಾಲಿಕ್ ಹಸಿರು ಹಾಕಬೇಕೆಂಬ ಆಸೆ ಇತ್ತು, 1968ರಲ್ಲಿ ಆ ಬಣ್ಣ ಬರುತ್ತಿತ್ತು ಕೂಡ. ಆದರೆ ಕಾರಿನ ಪೇಂಟ್ ಅಂಗಡಿಯಲ್ಲಿ ಸಿಗುವ ಮೆಟಾಲಿಕ್ ಬಣ್ಣದ ಅಲ್ಯೂಮಿನಿಯಂ ಚೂರು ಕಾರಿಗೆ ತಕ್ಕ ಗಾತ್ರದ್ದು. 30 ಮೈಕ್ರಾನಿನ ಒಂದು ಚೂರು ಈ ಮಾಡೆಲ್ ಮೇಲೆ ಕೂತರೆ, ಪೂರ್ತಿ ಕಾರಿನ ಲೆಕ್ಕದಲ್ಲಿ ಅದು ಮುಕ್ಕಾಲು ಮಿ.ಮೀ. ಮದುವೆ ಮನೆಯ ಮಿನುಗು ಪುಡಿ ಎರಚಿದ ಹಾಗೆ ಕಾಣುತ್ತದೆ. ಹಾಗಾಗಿ ಚೂರೇ ಇಲ್ಲದ ಸಾದಾ ಕೆಂಪು. ಹಿಂದೆ ಬಿಳಿ ಬಂಬಲ್‌ಬೀ ಪಟ್ಟಿ. ಆ ವರ್ಷ ಆರ್/ಟಿ ಕಾರಿನ ಬಾಲಕ್ಕೆ ಅಡ್ಡಲಾಗಿ ಬರುತ್ತಿದ್ದ ಜೋಡಿ ಪಟ್ಟಿ ಅದು.

ಮಾಡೆಲ್‌ಗೆಂದೇ ಬರುವ ಸ್ಪ್ರೇ ಡಬ್ಬಿಯನ್ನು ವಿಮಾನದಲ್ಲಿ ಕಳಿಸುವುದು ಕಷ್ಟ, ಒತ್ತಡದ ಡಬ್ಬಿ ಅಪಾಯಕಾರಿ ಸರಕಿನ ಪಟ್ಟಿಯಲ್ಲಿ ಬರುತ್ತದೆ. ಹಾಗಾಗಿ ನಾನು ಊರಿನ ಪೇಂಟ್ ಅಂಗಡಿಯಲ್ಲೇ 100 ಎಂ.ಎಲ್. ಕೆಂಪು ಮಿಕ್ಸ್ ಮಾಡಿಸಿ, ಗಾಳಿಯ ಒತ್ತಡದಿಂದ ಬಣ್ಣ ಚಿಮ್ಮುವ ಪೆನ್ನಿನಂಥ ಏರ್‌ಬ್ರಶ್‌ನಲ್ಲಿ ಹೊಡೆಯುವುದು. ಇದರಲ್ಲಿ ಒಂದು ವಿಷಯ ನೆನಪಿಡಬೇಕು. ಗ್ಯಾರೇಜಿನಲ್ಲಿ ಬಳಸುವ ಎನ್‌ಸಿ ಥಿನ್ನರ್ ಬಹಳ ಖಾರ. ಕಿಟ್ಟಿನ ಪ್ಲಾಸ್ಟಿಕ್ಕಾದ ಪಾಲಿಸ್ಟೈರೀನ್ ಮೇಲೆ ನೇರ ಬಿದ್ದರೆ ಮೈಯೆಲ್ಲ ಬಿರುಕು ಬಿಟ್ಟ ಹಾಗೆ ಆಗುತ್ತದೆ. ಅದಕ್ಕೆ ಕೆಳಗೆ ಮಾಡೆಲ್‌ಗೆ ಅಂತಲೇ ಇರುವ ಲ್ಯಾಕರ್ ಪ್ರೈಮರ್ ಹಾಕಿ ಪೂರ್ತಿ ಒಣಗಿಸಬೇಕು. ಮೇಲಿನ ಬಣ್ಣದ ಮೊದಲ ಕೋಟ್‌ಗಳು ಬರೀ ಮಂಜು ಮುಸುಕಿದ ಹಾಗೆ ಇರಬೇಕು, ಒದ್ದೆಯಾಗಬಾರದು. ಕೆಂಪು ಬಣ್ಣಕ್ಕೆ ಇನ್ನೊಂದು ಗುಣ ಉಂಟು: ಅದು ಕೆಳಗಿನದನ್ನು ಮುಚ್ಚುವುದಿಲ್ಲ. ಬೂದು ಪ್ರೈಮರ್ ಮೇಲೆ ಹಾಕಿದರೆ ಮಂಕು, ಬಿಳಿ ಮೇಲೆ ಹಾಕಿದರೆ ಅಂಚುಗಳು ಬಿಳಿಚಿಕೊಳ್ಳುತ್ತವೆ. ನಡುವೆ ಒಂದು ಗುಲಾಬಿ ಕೋಟ್ ಹಾಕಿದರೆ ಬೇಗ ತುಂಬುತ್ತದೆ, ಒಟ್ಟು ದಪ್ಪವೂ ಕಡಿಮೆಯಾಗುತ್ತದೆ.

ಈಗ ಮಂಗಳೂರಿನ ಗಾಳಿಯ ವಿಷಯ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಲ್ಯಾಕರ್ ಹೊಡೆಯುವುದು ಸುಮ್ನೆ ಹಠ ಅಷ್ಟೇ. ಥಿನ್ನರ್ ಬೇಗ ಆರುವಾಗ ಬಣ್ಣದ ಮೈ ತಣ್ಣಗಾಗುತ್ತದೆ. ಗಾಳಿಯಲ್ಲಿ ತೇವ ಜಾಸ್ತಿ ಇದ್ದರೆ ಆ ತಣ್ಣಗಿನ ಮೈ ಮೇಲೆ ನೀರು ಕೂರುತ್ತದೆ. ಅದು ಬಣ್ಣದೊಳಗೆ ಸಿಕ್ಕಿಕೊಂಡು ಬಿಳಿ ಮಬ್ಬು ಬರುತ್ತದೆ. ಪೇಂಟರ್‌ಗಳು ಇದಕ್ಕೆ ಬ್ಲಶ್ ಅನ್ನುತ್ತಾರೆ. ಕೆಂಪಿನ ಮೇಲೆ ಇದು ಇನ್ನೂ ಎದ್ದು ಕಾಣುತ್ತದೆ. ರಿಟಾರ್ಡರ್ ಬೆರೆಸಿದರೆ ಥಿನ್ನರ್ ನಿಧಾನವಾಗಿ ಆರುತ್ತದೆ, ಸ್ವಲ್ಪ ಮಟ್ಟಿಗೆ ತಡೆಯಬಹುದು. ಆದರೆ ಆಷಾಢದ ಮಳೆಗೆ ರಿಟಾರ್ಡರ್ ಸಾಕಾಗುವುದಿಲ್ಲ ಮಾರಾಯ್ರೆ.

ಹಾಗಾಗಿ ಮಳೆಗಾಲ ಪೂರ್ತಿ ಎಂಜಿನ್, ಸೀಟು, ಚಾಸಿಗಳ ಬ್ರಶ್ ಕೆಲಸ. ಬಾಡಿಗೆ ಕೈ ಹಚ್ಚುವುದು ಕುದ್ರೋಳಿ ದಸರಾ ಮುಗಿದು ಮಳೆ ಪೂರ್ತಿ ನಿಂತ ಮೇಲೆ. ಡಿಸೆಂಬರ್, ಜನವರಿ ಇಲ್ಲಿ ಬಣ್ಣದ ತಿಂಗಳು. ಅದರಲ್ಲೂ ಗಂಟೆ ನೋಡಬೇಕು. ಚಳಿಗಾಲದ ಬೆಳಗ್ಗೆ ಗಾಳಿ ಘಟ್ಟದ ಕಡೆಯಿಂದ ಬೀಸುತ್ತದೆ. ಸೂರ್ಯ ಏರಿದ ಮೇಲೆ ಅದು ಚೆನ್ನಾಗಿ ಒಣಗಿರುತ್ತದೆ. ಮಧ್ಯಾಹ್ನ ದಾಟಿದ ಮೇಲೆ ಸಮುದ್ರದ ಗಾಳಿ ಶುರುವಾಗಿ ಮತ್ತೆ ತೇವ ತರುತ್ತದೆ. ಬೆಳಗ್ಗೆ ಹತ್ತರಿಂದ ಹನ್ನೆರಡು ಒಳ್ಳೆಯ ಹೊತ್ತು. ನನ್ನ ಬೆಂಚಿನ ಮೇಲೆ ಗಾಳಿಯ ತೇವ ಅಳೆಯುವ ಸಣ್ಣ ಹೈಗ್ರೋಮೀಟರ್ ಉಂಟು. ಅದು ಶೇ. 65ಕ್ಕಿಂತ ಮೇಲೆ ತೋರಿಸಿದರೆ ಕಂಪ್ರೆಸರ್ ಆನ್ ಮಾಡುವುದೇ ಇಲ್ಲ. ಕಂಪ್ರೆಸರ್ ಪೈಪಿಗೆ ನೀರು ಹಿಡಿಯುವ ಟ್ರ್ಯಾಪ್ ಕಡ್ಡಾಯ. ಗಾಳಿಯನ್ನು ಒತ್ತಿದಾಗ ಅದರಲ್ಲಿರುವ ತೇವ ನೀರಾಗಿ ಇಳಿಯುತ್ತದೆ, ಟ್ರ್ಯಾಪ್ ಇಲ್ಲದಿದ್ದರೆ ಬಾನೆಟ್ ಮೇಲೆ ಹನಿಯಾಗಿ ಬಂದು ಬೀಳುತ್ತದೆ.

ಒಣಗಿಸಲು ಒಂದು ಮುಚ್ಚಳದ ಪ್ಲಾಸ್ಟಿಕ್ ಡಬ್ಬ, ಒಳಗೆ ಹಳೆಯ 40 ವ್ಯಾಟ್ ಬಲ್ಬ್, ಮೇಲೆ ಗಾಳಿ ಹೋಗಲು ತೂತು. ಥರ್ಮಾಮೀಟರ್ ಇಟ್ಟು 40 ಡಿಗ್ರಿ ದಾಟದ ಹಾಗೆ ಬಲ್ಬಿನ ದೂರ ಹೊಂದಿಸಿಕೊಂಡೆ. ಪಾಲಿಸ್ಟೈರೀನ್ ಮೆತ್ತಗಾಗುವುದು 100 ಡಿಗ್ರಿಯ ಆಸುಪಾಸಿನಲ್ಲಿ. ಆದರೆ ತೆಳುವಾದ ಕಂಬಗಳು ಅದಕ್ಕಿಂತ ಬಹಳ ಮೊದಲೇ ಸೊಟ್ಟಗಾಗುತ್ತವೆ. ಬಿಸಿಲಿಗೆ ಇಡುವ ಯೋಚನೆ ಬೇಡ. ಕಿಟಕಿಯಿಂದ ಬರುವ ಧೂಳು ಇಲ್ಲಿ ಮುರಕಲ್ಲಿನ ಕೆಂಪು ಧೂಳು. ಕೆಂಪು ಕಾರಿನ ಮೇಲೆ ಕಾಣುವುದಿಲ್ಲ ಅಂತ ನಂಬಿದರೆ, ಕ್ಲಿಯರ್ ಹಾಕಿದ ಮೇಲೆ ಪ್ರತಿ ಕಣವೂ ಗುಡ್ಡೆಯಾಗಿ ಕಾಣುತ್ತದೆ.

ಕ್ಲಿಯರ್ ಕೋಟ್ ಗ್ಯಾರೇಜಿನವರು ಹೊಡೆಯುವ ಟೂ-ಕೆ ಕ್ಲಿಯರ್, ಅಂದರೆ ಹಾರ್ಡನರ್ ಬೆರೆಸಿ ಹೊಡೆಯುವಂಥದ್ದು. ಗಟ್ಟಿಯಾಗಿ ಕೂರುತ್ತದೆ, ಪಾಲಿಶ್ ಚೆನ್ನಾಗಿ ಬರುತ್ತದೆ, ಹಳದಿಯಾಗುವುದು ಕಡಿಮೆ. ಆದರೆ ಇದರ ಹಾರ್ಡನರ್‌ನಲ್ಲಿ ಐಸೊಸಯನೇಟ್ ಇರುತ್ತದೆ. ಅದು ಶ್ವಾಸಕೋಶಕ್ಕೆ ಹೋದರೆ ಆಸ್ತಮಾ ತರಿಸಬಲ್ಲದು. ಬಟ್ಟೆ ಮಾಸ್ಕ್, ಎನ್-95 ಇದಕ್ಕೆ ಸಾಲದು. ಆರ್ಗ್ಯಾನಿಕ್ ವೇಪರ್ ಕಾರ್ಟ್ರಿಜ್ ಇರುವ ಮಾಸ್ಕ್ ಬೇಕು, ಕೈಗವಸು ಬೇಕು, ಮನೆಯೊಳಗೆ ಅಲ್ಲವೇ ಅಲ್ಲ. ನಾನು ಟೆರೇಸಿನ ಶೀಟ್ ಕೆಳಗೆ, ಮೂರು ಬದಿ ಕಾರ್ಡ್‌ಬೋರ್ಡ್ ನಿಲ್ಲಿಸಿ ಹೊಡೆಯುತ್ತೇನೆ. ಇಷ್ಟೆಲ್ಲ ವ್ಯವಸ್ಥೆ ಇಲ್ಲದಿದ್ದರೆ ಅಕ್ರಿಲಿಕ್ ಕ್ಲಿಯರ್ ಸಾಕು. ಹೊಳಪು ಸ್ವಲ್ಪ ಕಡಿಮೆಯಾದರೆ ಎಂತ ಹೋಯಿತು?

ಪಾಲಿಶ್ ಎಷ್ಟು ಮಾಡಬೇಕು ಅನ್ನುವುದರಲ್ಲಿ ಒಂದು ತಮಾಷೆಯ ವಾದ ಉಂಟು. ಆ ಕಾಲದಲ್ಲಿ ಡಾಡ್ಜ್ ಮಾಡುತ್ತಿದ್ದ ಕ್ರೈಸ್ಲರ್ ಕಂಪನಿ ತನ್ನ ಕಾರುಗಳಿಗೆ ಹಾಕುತ್ತಿದ್ದದ್ದು ಒಲೆಯಲ್ಲಿ ಬೇಯಿಸಿದ ಅಕ್ರಿಲಿಕ್ ಎನಾಮೆಲ್. ಫ್ಯಾಕ್ಟರಿಯಿಂದ ಬಂದ ಕಾರಿನ ಮೈ ಕನ್ನಡಿಯ ಹಾಗೆ ನಯ ಇರುತ್ತಿರಲಿಲ್ಲ, ಕಿತ್ತಳೆ ಸಿಪ್ಪೆಯ ಹಾಗೆ ಸಣ್ಣ ಏರುತಗ್ಗು ಇರುತ್ತಿತ್ತು. ಹಾಗಾಗಿ ಮಾಡೆಲ್‌ನಲ್ಲೂ ಆ ಸಿಪ್ಪೆ ಇದ್ದರೆ ಅದೇ ಅಸಲಿ ಅನ್ನುವವರಿದ್ದಾರೆ. ಭಾಗಿಸಿ ನೋಡಿ. ಕಾರಿನಲ್ಲಿ 2 ಮಿ.ಮೀ. ಅಗಲದ ಏರುತಗ್ಗು ಇಲ್ಲಿ 0.08 ಮಿ.ಮೀ. ಕಣ್ಣಿಗೆ ಕಾಣುವುದೇ ಇಲ್ಲ. ಏರ್‌ಬ್ರಶ್ ಬಿಟ್ಟುಹೋದ ಸಿಪ್ಪೆ ಕಾಣುತ್ತಿದೆ ಅಂದರೆ ಅದು 25 ಪಟ್ಟು ದೊಡ್ಡದು. ನಯ ಮಾಡಲೇಬೇಕು. ಕ್ಲಿಯರ್ ಚೆನ್ನಾಗಿ ಗಟ್ಟಿಯಾದ ಮೇಲೆ 2000, 3000 ನಂಬರಿನ ಪೇಪರಿನಲ್ಲಿ ಒದ್ದೆ ಉಜ್ಜಿ, ಆಮೇಲೆ ಕಾರಿಗೆ ಹಚ್ಚುವ ಪಾಲಿಶ್ ಕಾಂಪೌಂಡ್. ಅಂಚುಗಳ ಹತ್ತಿರ ಹೋಗಬೇಡಿ. ಮಡ್‌ಗಾರ್ಡಿನ ಚೂಪು ಅಂಚಿನಲ್ಲಿ ಬಣ್ಣ ತೆಳುವಾಗಿರುತ್ತದೆ. ಎರಡು ಸಲ ಉಜ್ಜಿದರೆ ಗುಲಾಬಿ ಇಣುಕುತ್ತದೆ. ಅಂಥ ಕಡೆ ತೆಳು ಟೇಪ್ ಅಂಟಿಸಿ ಕೊನೆಗೆ ಬಟ್ಟೆಯಲ್ಲಿ ಮಾತ್ರ ಒರೆಸಿದೆ.

ಕೆಂಪು ಕಾರಿನ ಬಾಗಿಲಿನ ಸಂದಿಗೆ ಕಪ್ಪು ವಾಶ್ (ಸಂದಿಯೊಳಗೆ ಹರಿಯುವಷ್ಟು ತೆಳು ಮಾಡಿದ ಬಣ್ಣ) ಹಾಕಬೇಡಿ. ಪೆನ್ನಿನಲ್ಲಿ ಗೀಚಿದ ಹಾಗೆ ಕಾಣುತ್ತದೆ. ಕಡು ಕಂದು ಸಾಕು.

ಈಗ ನನಗೆ ಅತಿ ಇಷ್ಟದ ಭಾಗ, ಎಂಜಿನ್. ಆರ್/ಟಿಗೆ ಸ್ಟ್ಯಾಂಡರ್ಡ್ ಆಗಿ ಬರುತ್ತಿದ್ದದ್ದು 440 ಮ್ಯಾಗ್ನಮ್ ವಿ-8. 440 ಕ್ಯೂಬಿಕ್ ಇಂಚು, ಅಂದರೆ 7.2 ಲೀಟರ್, ಕಂಪನಿ ಹೇಳಿದ ಶಕ್ತಿ 375 ಹಾರ್ಸ್‌ಪವರ್. ಅದಕ್ಕಿಂತ ದುಬಾರಿ ಆಯ್ಕೆ 426 ಹೆಮಿ, 425 ಹಾರ್ಸ್‌ಪವರ್. ಜನ ಇಲ್ಲೊಂದು ಕಡೆ ಕಣ್ಣು ಮುಚ್ಚಿ ಬಣ್ಣ ಹಾಕುತ್ತಾರೆ. ಮೋಪಾರ್, ಅಂದರೆ ಕ್ರೈಸ್ಲರ್ ಬಳಗದ ಎಂಜಿನ್ ಅಂದ ಕೂಡಲೇ ಕಿತ್ತಳೆ. ಹೆಮಿಗೆ ಕಿತ್ತಳೆ ಸರಿ. 1968ರ 440ಕ್ಕೆ ಬೇಕಾದದ್ದು ಟರ್ಕಾಯ್ಸ್, ಹಸಿರು ಬೆರೆತ ತಿಳಿ ನೀಲಿ. ಇದು ರೆಡಿ ಡಬ್ಬಿಯಲ್ಲಿ ಸಿಗದಿದ್ದರೆ ತಲೆಬಿಸಿ ಬೇಡ. ನೀಲಿ, ಹಸಿರು, ಬಿಳಿ ಅಕ್ರಿಲಿಕ್ ಬೆರೆಸಿದರೆ ಆಯಿತು. ಇಷ್ಟು ಸಣ್ಣ ವಸ್ತುವಿನ ಮೇಲೆ ಬಣ್ಣ ಕಡುವಾಗಿ ಕಾಣುತ್ತದೆ, ಹಾಗಾಗಿ ಒಂದು ಹನಿ ಬಿಳಿ ಜಾಸ್ತಿಯೇ ಇರಲಿ. ಮೇಲೆ ಅರೆ ಮಂಕು ವಾರ್ನಿಶ್. ಎಂಜಿನ್ ಬಾಡಿಯಷ್ಟು ಹೊಳೆಯಬಾರದು.

ಕಿಟ್‌ನಲ್ಲಿ ಸ್ಪಾರ್ಕ್ ಪ್ಲಗ್ಗಿಗೆ ಕರೆಂಟ್ ಒಯ್ಯುವ ಪ್ಲಗ್ ವೈರ್ ಬರುವುದಿಲ್ಲ. ವೈರ್ ಇಲ್ಲದ ವಿ-8 ಎಂಜಿನ್ ಪೂರ್ತಿ ಬರಿದಾಗಿ ಕಾಣುತ್ತದೆ. ಹಾಗಂತ ಸಿಕ್ಕಿದ ವೈರ್ ಹಾಕಿದರೆ ಇನ್ನೂ ಕೆಟ್ಟದು. ಆ ಕಾಲದ ಪ್ಲಗ್ ವೈರ್ 7 ಮಿ.ಮೀ. ದಪ್ಪ. ಭಾಗಿಸಿದರೆ 0.28. ಅಂಗಡಿಯಲ್ಲಿ ಸಿಗುವ ತೆಳು ವೈರ್ ಕೂಡ ಸಿಪ್ಪೆ ಸೇರಿ ಅದರ ಮೂರು ನಾಲ್ಕು ಪಟ್ಟು ಇರುತ್ತದೆ. ಇದಕ್ಕೆ ಉತ್ತರ ಇದ್ದದ್ದು ಮೋಟರ್ ರಿವೈಂಡಿಂಗ್ ಅಂಗಡಿಯಲ್ಲಿ. ಪಂಪ್‌ಸೆಟ್ ಸುತ್ತುವವರ ಹತ್ತಿರ ಎನಾಮೆಲ್ ಹಾಕಿದ ತಾಮ್ರದ ತಂತಿ ಗೇಜ್ ಪ್ರಕಾರ ಇರುತ್ತದೆ. 32 ಗೇಜ್ ಅಂದರೆ 0.274 ಮಿ.ಮೀ. ಇದಕ್ಕಿಂತ ಹತ್ತಿರ ಬೇಕಾ? ಅಂಗಡಿಯವರು ಎಷ್ಟು ಕೆ.ಜಿ. ಅಂತ ಕೇಳಿದರು. ಎರಡು ಮೀಟರ್ ಅಂದೆ. ಯಾವ ಮೋಟರಿಗೆ ಅಂತ ಕೇಳಿದಾಗ ಫೋನಿನಲ್ಲಿದ್ದ ಎಂಜಿನ್ನಿನ ಫೋಟೋ ತೋರಿಸಿದೆ. ಅವರು ದುಡ್ಡು ತೆಗೆದುಕೊಳ್ಳಲಿಲ್ಲ. ಜೊತೆಗೆ 28 ಗೇಜಿನ ಒಂದು ತುಂಡನ್ನೂ ಕೊಟ್ಟರು. 0.376 ಮಿ.ಮೀ., ಬ್ಯಾಟರಿ ಕೇಬಲ್‌ಗೆ ಸರಿಯಾಯಿತು.

ಪ್ಲಗ್ಗುಗಳಿಗೆ ಸರದಿಯಂತೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರ್ ಮುಚ್ಚಳದಲ್ಲಿ ಒಂಬತ್ತು ತೂತು ಕೊರೆಯುವ ತಾಳ್ಮೆ ಇರುವವರು ಕೊರೆಯಲಿ. ನನ್ನ ದಾರಿ ಬೇರೆ. ಮನೆ ವೈರಿಂಗಿನ 1 ಚದರ ಮಿ.ಮೀ. ತಂತಿಯ ಸಿಪ್ಪೆ ಸುಲಿದು 2 ಮಿ.ಮೀ. ಉದ್ದ ಕತ್ತರಿಸಬೇಕು. ಒಳಗಿನ ರಂಧ್ರ ಒಂದು ಮಿ.ಮೀ.ಗಿಂತ ಸ್ವಲ್ಪ ದೊಡ್ಡದು. 32 ಗೇಜಿನ ಒಂಬತ್ತು ಎಳೆ ಅದರಲ್ಲಿ ಒತ್ತಾಗಿ ಕೂರುತ್ತದೆ. ಎಂಟು ಪ್ಲಗ್‌ಗೆ, ನಡುವಿನ ಒಂದು ಕಾಯಿಲ್‌ಗೆ. ಕೆಳಗಿನಿಂದ ಒಂದು ಹನಿ ಸೂಪರ್ ಗ್ಲೂ. ಕಿಟ್‌ನ ಡಿಸ್ಟ್ರಿಬ್ಯೂಟರ್ ತಲೆ ಕತ್ತರಿಸಿ ಅದರ ಮೇಲೆ ಇದನ್ನು ಕೂರಿಸಿದರೆ ಆಯಿತು. 440ರಲ್ಲಿ ಡಿಸ್ಟ್ರಿಬ್ಯೂಟರ್ ಎಂಜಿನ್ನಿನ ಮುಂಭಾಗದಲ್ಲೇ ಇರುವುದರಿಂದ ಬಾನೆಟ್ ಎತ್ತಿದ ಕೂಡಲೇ ಕಣ್ಣು ಹೋಗುವುದು ಅಲ್ಲಿಗೇ.

ವೈರ್ ಎಲ್ಲಿಂದ ಎಲ್ಲಿಗೆ ಅನ್ನುವುದಕ್ಕೂ ಲೆಕ್ಕ ಉಂಟು. ಬೆಸ ನಂಬರಿನ ಸಿಲಿಂಡರ್‌ಗಳು ಎಡಕ್ಕೆ, ಅಂದರೆ ಅಮೆರಿಕದ ಡ್ರೈವರ್ ಕೂರುವ ಬದಿಗೆ: ಮುಂದಿನಿಂದ 1, 3, 5, 7. ಸಮ ನಂಬರು ಬಲಕ್ಕೆ. ಕಿಡಿ ಹೊತ್ತುವ ಕ್ರಮ 1-8-4-3-6-5-7-2. ಈ ಎಂಜಿನ್ನಿನಲ್ಲಿ ಡಿಸ್ಟ್ರಿಬ್ಯೂಟರ್ ತಿರುಗುವುದು ಗಡಿಯಾರಕ್ಕೆ ಎದುರು ದಿಕ್ಕಿನಲ್ಲಿ. ಕ್ಯಾಪ್ ಸುತ್ತ ಅದೇ ದಿಕ್ಕಿನಲ್ಲಿ ನಂಬರ್ ಬರೆದುಕೊಂಡು ಒಂದೊಂದೇ ಎಳೆ ಎಳೆದರೆ ವೈರ್‌ಗಳು ಎಲ್ಲೆಲ್ಲಿ ಒಂದರ ಮೇಲೊಂದು ದಾಟಬೇಕೋ ಅಲ್ಲೇ ದಾಟುತ್ತವೆ. ಯಾರು ನೋಡುತ್ತಾರೆ ಅಂತ ಕೇಳಬಹುದು. ಹಳೆಯ ಕಾರು ರಿಪೇರಿ ಮಾಡಿದವರು ನೋಡುತ್ತಾರೆ. ನೋಡದಿದ್ದರೂ, ನಾಲ್ಕು ನಾಲ್ಕು ಎಳೆಯನ್ನು ಎರಡು ಬದಿಗೆ ಸಾಲಾಗಿ ಬಾಚಿದ ಹಾಗೆ ಹಾಕಿದರೆ ಏನೋ ಸರಿಯಿಲ್ಲ ಅಂತ ಕಣ್ಣಿಗೆ ಗೊತ್ತಾಗುತ್ತದೆ. ತಂತಿಗೆ ಮಂಕು ಕಪ್ಪು ಹಚ್ಚಿ, ತುದಿಯನ್ನು ಕಪ್ಪು ಬಣ್ಣ ಬೆರೆಸಿದ ಫೆವಿಕಾಲ್‌ನಲ್ಲಿ ಅದ್ದಿ ತಲೆಕೆಳಗಾಗಿ ಒಣಗಿಸಿದರೆ ಪ್ಲಗ್‌ನ ರಬ್ಬರ್ ಟೋಪಿ ತಾನಾಗಿ ಆಗುತ್ತದೆ.

ಹೀಟರ್ ಹೋಸ್ ಹೊರ ಅಳತೆ ಸುಮಾರು 22 ಮಿ.ಮೀ. ಇಲ್ಲಿ 0.9. ಎಲೆಕ್ಟ್ರಾನಿಕ್ಸ್ ಅಂಗಡಿಯ 1 ಮಿ.ಮೀ. ಸೋಲ್ಡರ್ ತಂತಿ ಸಾಕು. ಬಗ್ಗಿಸಿದ ಹಾಗೆ ನಿಲ್ಲುತ್ತದೆ, ಸ್ಪ್ರಿಂಗ್ ಆಗುವುದಿಲ್ಲ. ಸೀಸ ಇರುವ ಸೋಲ್ಡರ್ ಆದರೆ ಕೈ ತೊಳೆದುಕೊಂಡೇ ತಿಂಡಿಗೆ ಕೂರಿ.

ಒಳಗಿನ ಸೀಟು, ಡ್ಯಾಶ್‌ಬೋರ್ಡ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಗಾಜು ಹಾಕಿದ ಮೇಲೆ ಅರ್ಧ ಕಾಣುವುದೇ ಇಲ್ಲ. ಪೂರ್ತಿ ಕಪ್ಪು ಮಾಡಿದರೆ ಗುಹೆಯ ಹಾಗೆ ಆಗುತ್ತದೆ, ಅದಕ್ಕೆ ಸೀಟಿಗೆ ಅರೆ ಮಂಕು ಕಡು ಬೂದು, ನೆಲಕ್ಕೆ ಪೂರ್ತಿ ಮಂಕು ಕಪ್ಪು. ಸೀಟ್ ಬೆಲ್ಟ್ 2 ಇಂಚು ಅಗಲ, ಇಲ್ಲಿ 2 ಮಿ.ಮೀ. ಮೆಡಿಕಲ್ ಶಾಪಿನ ಮೈಕ್ರೋಪೋರ್ ಟೇಪ್ ಕತ್ತರಿಸಿ ಬಣ್ಣ ಹಚ್ಚಿದೆ. ಅದರಲ್ಲಿ ನೇಯ್ಗೆಯ ಹಾಗೆ ಒಂದು ಒರಟುತನ ಇದೆ, ಬೆಲ್ಟ್‌ಗೆ ಹೇಳಿ ಮಾಡಿಸಿದ್ದು.

ಅಡಿಭಾಗವನ್ನು ಮಾತ್ರ ಸುಮ್ನೆ ಕಪ್ಪು ಹೊಡೆದು ಬಿಡಬೇಡಿ. ಫ್ಯಾಕ್ಟರಿಯಲ್ಲಿ ನೆಲದ ಅಡಿಗೆ ಪ್ರೈಮರ್ ಇರುತ್ತಿತ್ತು, ಬಾಡಿಗೆ ಬಣ್ಣ ಹೊಡೆಯುವಾಗ ಬದಿಗಳಿಂದ ಒಳಗೆ ಹಾರಿದ ಬಣ್ಣ ಅಷ್ಟೇ ಅಲ್ಲಿ ಕೂರುತ್ತಿತ್ತು. ಹಾಗಾಗಿ ನಡುವೆ ಬೂದು, ಅಂಚಿಗೆ ಬರುತ್ತಾ ಕೆಂಪು ಮಂಜು. ಏರ್‌ಬ್ರಶ್‌ಗೆ ಇದು ಅತಿ ಸುಲಭದ ಕೆಲಸ, ನೋಡುವವರಿಗೆ ಅತಿ ಆಶ್ಚರ್ಯದ ಕೆಲಸ. ಮುಂದೆ ಟಾರ್ಶನ್ ಬಾರ್, ಹಿಂದೆ ಲೀಫ್ ಸ್ಪ್ರಿಂಗ್. ಎರಡಕ್ಕೂ ಕಬ್ಬಿಣದ ಬಣ್ಣ. ಸೈಲೆನ್ಸರ್ ಪೈಪಿಗೆ ಅದಕ್ಕಿಂತ ತಿಳಿ ಬಣ್ಣ. ತುಕ್ಕು ಹಾಕಲಿಲ್ಲ. ಸಮುದ್ರದ ಬದಿಯ ಪಣಂಬೂರು ಕಡೆ ಮನೆಯ ಹೊರಗೆ ನಿಲ್ಲಿಸಿದ ಸ್ಕೂಟರ್ ನೋಡಿದರೆ ತುಕ್ಕು ಎಷ್ಟು ಬೇಗ, ಎಲ್ಲಿಂದ ಬರುತ್ತದೆ ಅಂತ ಕಲಿಯಬಹುದು ನಿಜ. ಆದರೆ ಇದು ಶೋರೂಮಿನಿಂದ ಹೊರಗೆ ಬಂದ ಕಾರು. ತುಕ್ಕಿನ ಆಸೆಗೆ ಬೇರೆ ಕಿಟ್ ಇಟ್ಟಿದ್ದೇನೆ.

ಕ್ರೋಮ್ ಭಾಗಗಳು ಕಿಟ್‌ನಿಂದ ಬಂದ ಹಾಗೆಯೇ ಕನ್ನಡಿಯಂತೆ ಇರುತ್ತವೆ. ಬಂಪರ್‌ಗೆ ಅದು ಸರಿ. ಗ್ರಿಲ್‌ಗೆ ತೆಳು ಕಪ್ಪು ವಾಶ್ ಕೊಟ್ಟು ಆಳ ತರಬೇಕು. ಭಾಗವನ್ನು ಚೌಕಟ್ಟಿಗೆ ಹಿಡಿದಿದ್ದ ಕೊಂಡಿ ಕತ್ತರಿಸಿದ ಗುರುತು ಹೊರಗೆ ಕಾಣುವ ಕಡೆ ಇದ್ದರೆ ಪೂರ್ತಿ ಕ್ರೋಮ್ ತೆಗೆದು ಮತ್ತೆ ಹಾಕುವುದೇ ಒಳ್ಳೆಯದು. ಅದು ಅಲ್ಯೂಮಿನಿಯಂನ ಬಹಳ ತೆಳು ಪದರ, ಬಟ್ಟೆ ಬಿಳಿ ಮಾಡುವ ಬ್ಲೀಚ್ ದ್ರಾವಣದಲ್ಲಿ ಮುಳುಗಿಸಿಟ್ಟರೆ ಬಿಟ್ಟುಕೊಳ್ಳುತ್ತದೆ. ಅಂಟಿಸುವ ಜಾಗದ ಕ್ರೋಮನ್ನು ಕೆರೆಯಲೇಬೇಕು. ಪ್ಲಾಸ್ಟಿಕ್ ಅಂಟು ಪ್ಲಾಸ್ಟಿಕ್ಕನ್ನು ಕರಗಿಸಿ ಬೆಸೆಯುವುದು, ಕ್ರೋಮ್ ಮೇಲೆ ಅದಕ್ಕೆ ಕರಗಿಸಲು ಏನೂ ಸಿಗುವುದಿಲ್ಲ.

ಗಾಜಿನ ಸುತ್ತ, ಮಾಡಿನ ನೀರು ಹರಿಯುವ ಅಂಚಿಗೆ ಬೇರ್ ಮೆಟಲ್ ಫಾಯಿಲ್. ಹಿಂದೆ ಅಂಟು ಇರುವ ಬಹಳ ತೆಳು ಹಾಳೆ. ಹಾರ್ಡ್‌ವೇರ್ ಅಂಗಡಿಯ ಅಲ್ಯೂಮಿನಿಯಂ ಟೇಪ್ ಇದಕ್ಕೆ ಆಗುವುದಿಲ್ಲ, ಅದು ಬಾಗುವಾಗ ಸುಕ್ಕು ಬರುತ್ತದೆ. ಹಾಳೆ ಇಟ್ಟು ಮರದ ಹಲ್ಲುಕಡ್ಡಿಯಿಂದ ಒತ್ತಿ ಒತ್ತಿ ಗೆರೆ ಮೂಡಿಸಿ, ಹೊಚ್ಚ ಹೊಸ ಬ್ಲೇಡಿನಲ್ಲಿ ಕತ್ತರಿಸಬೇಕು. ಹಿಂದಿನ ಕಂಬದ ಮೇಲಿನ ಚಾರ್ಜರ್ ಅನ್ನುವ ಅಕ್ಷರಗಳಿಗೆ ಬೇರೆ ಉಪಾಯ: ಪ್ರೈಮರ್‌ಗೂ ಮೊದಲೇ ಅಕ್ಷರಗಳ ಮೇಲೆ ಫಾಯಿಲ್ ಅಂಟಿಸಿ ಒತ್ತಿಬಿಡಬೇಕು. ಎಲ್ಲ ಬಣ್ಣ ಮುಗಿದ ಮೇಲೆ ಅಕ್ಷರದ ತಲೆಯನ್ನು ಮಾತ್ರ ಥಿನ್ನರ್ ಮುಟ್ಟಿಸಿದ ಕಡ್ಡಿಯಿಂದ ಉಜ್ಜಿದರೆ ಕೆಳಗಿನ ಬೆಳ್ಳಿ ಹೊರಗೆ ಬರುತ್ತದೆ. ಬ್ರಶ್‌ನಲ್ಲಿ ಬರೆದು ಇಷ್ಟು ಚೊಕ್ಕ ಮಾಡಲು ನನ್ನಿಂದಾಗದು. ಆದರೆ ಟೂ-ಕೆ ಕ್ಲಿಯರ್ ಥಿನ್ನರ್‌ಗೆ ಜಗ್ಗುವುದಿಲ್ಲ. ಹಾಗಾಗಿ ಕ್ಲಿಯರ್‌ಗಿಂತ ಮೊದಲೇ, ಬಣ್ಣ ಒಣಗಿದ ಮೇಲೆ ಈ ಕೆಲಸ ಮುಗಿಸಿಕೊಂಡೆ.

ಬದಿಯ ಸಣ್ಣ ದುಂಡು ದೀಪಗಳನ್ನು ಮರೆಯಬಾರದು. 1968ರ ಜನವರಿ 1ರಿಂದ ಅಮೆರಿಕದಲ್ಲಿ ಕಾರುಗಳಿಗೆ ಬದಿಯ ದೀಪ ಇಲ್ಲವೇ ರಿಫ್ಲೆಕ್ಟರ್ ಕಡ್ಡಾಯವಾಯಿತು. ಮುಂದೆ ಹಳದಿ ಕಿತ್ತಳೆ, ಹಿಂದೆ ಕೆಂಪು. ಕೆಳಗೆ ಫಾಯಿಲ್‌ನ ಚುಕ್ಕೆ, ಮೇಲೆ ಪಾರದರ್ಶಕ ಬಣ್ಣದ ಒಂದು ಹನಿ. ಕೆಂಪು ಕಾರಿನಲ್ಲಿ ಕೆಂಪು ದೀಪ ಎದ್ದು ಕಾಣುವುದು ಆ ಫಾಯಿಲ್‌ನಿಂದ.

ಟಯರ್ ಹೊಸದಾಗಿ ಬಂದಾಗ ಹೊಳೆಯುತ್ತದೆ. ಓಡುವ ಭಾಗವನ್ನು 320 ಪೇಪರಿನಲ್ಲಿ ಉಜ್ಜಿ ಮಂಕು ಮಾಡಿದೆ. ಆರ್/ಟಿಗೆ ಕೆಂಪು ಗೆರೆಯ ಎಫ್70-14 ಟಯರ್ ಬರುತ್ತಿತ್ತು. ಗೆರೆ ಸುಮಾರು 9 ಮಿ.ಮೀ. ಅಂದರೂ ಇಲ್ಲಿ 0.36. ಬ್ರಶ್ ಬೇಡ. ಎಂಜಿನಿಯರಿಂಗ್ ಡ್ರಾಯಿಂಗ್ ಡಬ್ಬಿಯಲ್ಲಿ ಇಂಕ್ ತುಂಬುವ ಕಂಪಾಸ್ ಇರುತ್ತದಲ್ಲ, ಅದರಲ್ಲಿ ತೆಳು ಮಾಡಿದ ಕೆಂಪು ಬಣ್ಣ ತುಂಬಿ, ಚಕ್ರದ ನಡುವೆ ಮುಳ್ಳು ಊರಿ ಒಂದು ಸುತ್ತು. ಎರಡನೇ ಸುತ್ತು ಹೋದರೆ ಗೆರೆ ದಪ್ಪವಾಗುತ್ತದೆ.

ಬಾಲದ ಬಿಳಿ ಪಟ್ಟಿಗೆ ಕಿಟ್‌ನ ಡೆಕಾಲ್, ಅಂದರೆ ನೀರಿನಲ್ಲಿ ನೆನೆಸಿ ಅಂಟಿಸುವ ತೆಳು ಚಿತ್ರ. ಕ್ಲಿಯರ್ ಅಡಿಗೇ ಹಾಕಿದ್ದರಿಂದ ಅಂಚು ಕಾಣುವುದಿಲ್ಲ. ಡಿಕ್ಕಿಯ ಸಂದಿಗೆ ಬಗ್ಗದಿದ್ದಾಗ ಬಿಳಿ ವಿನೆಗರ್ ಹಚ್ಚಿದರೆ ಮೆತ್ತಗಾಗುತ್ತದೆ. ಆಮೇಲೆ ಸಂದಿಯ ಉದ್ದಕ್ಕೆ ಬ್ಲೇಡ್ ಎಳೆದು ಒಳಗೆ ಒತ್ತಿದೆ.

ಕೇಸಿಗೆ ಅಕ್ರಿಲಿಕ್ ಬೋರ್ಡ್ ಕತ್ತರಿಸುವವರಿಂದ 27 ಸೆಂ.ಮೀ. ಉದ್ದದ ಪೆಟ್ಟಿಗೆ ಮಾಡಿಸಿದೆ. ಅಡಿಯಲ್ಲಿ ಎರಡು ಸಣ್ಣ ತೂತು, ಒಂದು ಮೂಲೆಯಲ್ಲಿ ಸಿಲಿಕಾ ಜೆಲ್. ಮಳೆಗಾಲದಲ್ಲಿ ಮುಚ್ಚಿದ ಪೆಟ್ಟಿಗೆಯೊಳಗೆ ಬೂಸ್ಟು ಬರುವುದು ನಮ್ಮ ಕಡೆ ದೊಡ್ಡ ವಿಷಯ ಅಲ್ಲ.

ಒಳಗಿಡುವ ಮೊದಲು ಒಂದೇ ಜಗಳ ಬಾಕಿ ಇತ್ತು, ನಂಬರ್ ಪ್ಲೇಟ್. ಮನೆಯವರಿಂದ ಹಿಡಿದು ಬಣ್ಣದ ಅಂಗಡಿಯವರವರೆಗೆ ಎಲ್ಲರಿಗೂ ಮಂಗಳೂರಿನ ಕೆಎ-19 ಬೇಕು. ನನಗೂ ಆಸೆ ಇರಲಿಲ್ಲ ಅಂತಲ್ಲ. ಆದರೆ ಅಮೆರಿಕದ ಪ್ಲೇಟ್ 12 ಇಂಚು ಅಗಲ, 6 ಇಂಚು ಎತ್ತರ. ಇಲ್ಲಿ 12.2 ಮಿ.ಮೀ., 6.1 ಮಿ.ಮೀ. ಬಂಪರಿನಲ್ಲಿ ಇರುವ ಜಾಗ ಅಷ್ಟೇ. ನಮ್ಮ ಕಾರಿನ ಉದ್ದ ಪ್ಲೇಟ್ 500 ಮಿ.ಮೀ. ಅಗಲ, 120 ಎತ್ತರ. ಭಾಗಿಸಿದರೆ 20 ಮಿ.ಮೀ., 4.8 ಮಿ.ಮೀ. ಎರಡು ಸಾಲಿನದು 340, 200. ಅದು 13.6 ಮಿ.ಮೀ., 8 ಮಿ.ಮೀ. ಎರಡೂ ಆ ಗುಂಡಿಯಲ್ಲಿ ಕೂರುವುದಿಲ್ಲ. ಸಣ್ಣದು ಮಾಡಿ ಹಾಕು ಅಂದರು. ಆಗುವುದಿಲ್ಲ ಅಂದೆ. ಕಿಟ್‌ನಲ್ಲಿದ್ದ ಅಮೆರಿಕದ ಪ್ಲೇಟನ್ನೇ ಅಂಟಿಸಿದೆ.